ಕೌದಿ ಹುಚ್ಚಿದ್ದವರು ಮನೆ ಹುಡುಕುವಾಗ: ಮೊದಲು ನೆಲ, ಆಮೇಲೆ ಊರು

ಬೆಳಗಾವಿ, ವಿಜಯಪುರ, ಬಾಗಲಕೋಟೆ. ಮೂರರಲ್ಲಿ ಎಲ್ಲಿ ಮನೆ ಮಾಡೋದು ಅಂತ ಲೆಕ್ಕ ಹಾಕ್ತಿದ್ದೀರಿ, ಜೊತೆಗೆ ಕೌದಿ (ಹಳೇ ಸೀರೆ, ಬಟ್ಟೆ ತುಂಡುಗಳನ್ನು ಪದರ ಪದರ ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆ) ಹೊಲಿಯುವ ಹುಚ್ಚೂ ಇದೆ ಅಂದರೆ ಬ್ರೋಕರ್ ತೋರಿಸುವ ಮಾಡ್ಯುಲರ್ ಕಿಚನ್ ಕಡೆ ಆಮೇಲೆ ನೋಡಿ. ಮೊದಲು ಕೇಳಬೇಕಾದದ್ದು ಎರಡೇ. ಕೌದಿ ಪೂರ್ತಿ ಹಾಸಲು ನೆಲ ಇದೆಯಾ? ಒಣಗಿಸಲು ಮಾಳಿಗೆ ಸಿಗುತ್ತದಾ? ಬಟ್ಟೆ ಎಲ್ಲಿಂದಲಾದರೂ ತರಬಹುದು, ಬಿಸಿಲು ತರೋಕಾಗಲ್ಲ ಅಲ್ವಾ.

ನೆಲದ ವಿಷಯ. ಡಬಲ್ ಬೆಡ್‌ಗೆ ಸಾಕಾಗುವ ಕೌದಿ ಅಂದರೆ ಸುಮಾರು 7.5 ಅಡಿಗೆ 9 ಅಡಿ. ಸುತ್ತ ಕೂತು ಟಾಕು, ಅಂದರೆ ಹೊಲಿಗೆ, ಹಾಕಲು ಇನ್ನೊಂದಿಷ್ಟು ಜಾಗ ಬೇಕು. 10 ಬೈ 10ರ ರೂಮಿನಲ್ಲಿ ಮಂಚ, ಕಪಾಟು ಇಟ್ಟ ಮೇಲೆ ಉಳಿಯುವುದು ಓಡಾಡುವ ದಾರಿ ಅಷ್ಟೇ. ಹಾಗಾಗಿ ಹಾಲ್ ದೊಡ್ಡದಿರಲಿ, ಬೆಡ್‌ರೂಮ್ ಸಣ್ಣದಾದರೂ ನಡೆಯುತ್ತದೆ. ಹಳೇ ಮನೆಯ ಪಡಸಾಲೆ ಸಿಕ್ಕರೆ ಬಿಡಬೇಡಿ, ಆದರೆ ಹಾಸುಗಲ್ಲು ಏರುತಗ್ಗು ಇದೆಯೋ ಅಂತ ಅಂಗೈ ಆಡಿಸಿ ನೋಡಿ. ಅಡಿಯ ಪದರದಲ್ಲಿ ಒಂದು ಸುಕ್ಕು ಉಳಿದರೂ ಹೊಲಿದ ಮೇಲೆ ಅದು ಗಂಟಾಗಿ ಬೆನ್ನಿಗೆ ಒತ್ತುತ್ತದೆ. ಟೈಲ್ಸ್ ನೆಲ ಸಮ ಇರುತ್ತದೆ, ಜಾರುತ್ತದೆ. ನಾಲ್ಕು ಮೂಲೆಗೆ ಟೇಪ್ ಹಚ್ಚಿ ಬಿಗಿ ಮಾಡಿಕೊಂಡರೆ ಮುಗಿಯಿತು. ಕಿಟಕಿ ಬೆಳಕು ಹೇಗಿದೆ ಅಂತ ಹಗಲಲ್ಲೇ ಹೋಗಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಕಪ್ಪು ಮತ್ತು ಕಡುನೀಲಿ ತುಂಡುಗಳು ಒಂದೇ ಥರ ಕಾಣುತ್ತವೆ.

ಮಾಳಿಗೆ. ನಾಲ್ಕೈದು ಸೀರೆ ಪದರಿನ ಕೌದಿ ನೀರು ಕುಡಿದರೆ ಒಬ್ಬರ ಕೈಯಲ್ಲಿ ಏಳುವುದಿಲ್ಲ. ಪ್ಲಾಸ್ಟಿಕ್ ಹಗ್ಗ ಹರಿದೇ ಹೋಗುತ್ತದೆ. ಗಟ್ಟಿ ಪ್ಯಾರಾಪೆಟ್ ಗೋಡೆ ಬೇಕು, ಅದರ ಮೇಲೆ ಹರವಿ ಬಿಡಬೇಕು. ಎಷ್ಟೋ ಮಾಲೀಕರು ಬಾಡಿಗೆಯವರಿಗೆ ಮಾಳಿಗೆ ಬೀಗವನ್ನೇ ಕೊಡುವುದಿಲ್ಲ. ಕೊಟ್ಟರೂ ಮಹಾನವಮಿ ಮುಂದೆ ಮನೆ ಮಂದಿಯ ಹಾಸಿಗೆ ಎಲ್ಲ ಒಗೆಯುವಾಗ ಅವರ ಕೌದಿ, ನಿಮ್ಮ ಕೌದಿ ಒಂದೇ ದಿನ ಬಂದು ನಿಲ್ಲುತ್ತವೆ. ಬೇಸಿಗೆ ಆದರೆ ಸಂಡಿಗೆ, ಹಪ್ಪಳ. ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಇನ್ನು ಊರು. ಬೆಳಗಾವಿಯಲ್ಲಿ ಬಟ್ಟೆಗೆ ಬರವಿಲ್ಲ. ಶಹಾಪುರ, ವಡಗಾವಿ, ಖಾಸಬಾಗ ಕಡೆ ಮಗ್ಗಗಳಿವೆ. ಅಸ್ತರ, ದಾರ, ಮಷೀನಿನ ಬಿಡಿ ಭಾಗ ಬೇಕಾದರೆ ಖಡೇಬಜಾರ್ ಸುತ್ತಿದರೆ ಸಾಕು. ಮಗ್ಗದ ಓಣಿಯಲ್ಲೇ ಮನೆ ಹಿಡಿಯುವವರು ಮಾತ್ರ ರಾತ್ರಿ ಹೊತ್ತು ಒಮ್ಮೆ ಹೋಗಿ ನಿಂತು ಬನ್ನಿ. ಪವರ್‌ಲೂಮ್ ಸಪ್ಪಳ ರೂಢಿಯಾಗದಿದ್ದರೆ ಟಿಳಕವಾಡಿ ಕಡೆ ನೋಡುವುದೇ ಒಳ್ಳೆಯದು. ತೊಂದರೆ ಇರುವುದು ಮಳೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೌದಿ ಒಗೆಯುವ ಮಾತೇ ಎತ್ತಬೇಡಿ, ಮಡಚಿಟ್ಟದ್ದಕ್ಕೂ ಮುಗ್ಗು ವಾಸನೆ ಬರುತ್ತದೆ. ಗೋಡೆಗೆ ತಾಗಿದ ಕಪಾಟಿನಲ್ಲಂತೂ ಇಡಲೇಬೇಡಿ. ಒಂದು ಲಾಭ ಮಾತ್ರ ಬೇರೆ ಎರಡು ಊರಿಗಿಲ್ಲ: ಖಾನಾಪುರ, ಅಳ್ನಾವರ ದಾಟಿದರೆ ಹಳಿಯಾಳ. ಅಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ ನೋಡಬಹುದು. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗೆ ಮಡಿಸಿದ ತುಂಡಿನ ಹೂ ಕೂರಿಸುತ್ತಾರೆ.

ವಿಜಯಪುರದಲ್ಲಿ ಬಿಸಿಲಿಗೆ ಕೊರತೆ ಇಲ್ಲ, ಬೆಳಿಗ್ಗೆ ಹಾಕಿದ್ದು ಸಂಜೆಗೆ ಗರಿಗರಿ. ಆದರೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ತೊಡೆ ಮೇಲೆ ನಾಲ್ಕು ಪದರ ಹೊದ್ದುಕೊಂಡು ಸೂಜಿ ಆಡಿಸಿ ನೋಡಿ, ಗೊತ್ತಾಗುತ್ತದೆ! ಮೇಲಿನ ಅಂತಸ್ತಿನ ಮನೆ ಬೇಡ. ಗಾಳಿಗೆ ಎರೆಮಣ್ಣಿನ ಧೂಳು ಬರುತ್ತದೆ, ಬಿಳಿ ತುಂಡುಗಳನ್ನು ಮುಚ್ಚಿಡಬೇಕು. ಬೋರ್ ನೀರು ಗಡಸಿದ್ದರೆ ಸೋಪು ನೊರೆ ಬಾರದೆ ಬಟ್ಟೆ ಬಿರುಸಾಗುತ್ತದೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಅಂತ ಪಕ್ಕದ ಮನೆಯವರನ್ನೇ ಕೇಳಿ. ಮಾಲೀಕರು ಹೇಳುವ ಲೆಕ್ಕ ಬೇರೆ ಇರುತ್ತದೆ.

ನನ್ನ ಓಟು ಬಾಗಲಕೋಟೆಗೆ. ಮಳೆ ಕಡಿಮೆ, ಬಿಸಿಲು ಬೇಕಾದಷ್ಟು. ಮುಖ್ಯ ಕಾರಣ ಸುತ್ತಲಿನ ಊರುಗಳು. ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಇಳಕಲ್ ಸೀರೆ, ರಬಕವಿ ಬನಹಟ್ಟಿಯ ಮಗ್ಗದ ಸೀರೆ, ಮೂರೂ ಇದೇ ಜಿಲ್ಲೆಯವು. ಹಳೇ ಇಳಕಲ್ ಸೀರೆಯ ಹತ್ತಿ ನೂಲಿನ ಒಡಲು ಉಟ್ಟು ಉಟ್ಟು ಮೆತ್ತಗಾಗಿರುತ್ತದೆ, ಒಳಪದರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ರೇಷ್ಮೆ ಸೆರಗನ್ನು ಮಾತ್ರ ಬೇರೆ ಮಾಡಿ ಮೇಲ್ಪದರಕ್ಕೆ ಇಟ್ಟುಕೊಳ್ಳಿ, ಒಗೆದಾಗ ಅದು ನೂಲಿನ ಹಾಗೆ ಕುಗ್ಗುವುದಿಲ್ಲ, ಒಂದು ಕಡೆ ಎಳೆದಂತಾಗುತ್ತದೆ. ಖಣದ ತುಂಡು ಕತ್ತರಿಸಿದ ಕೂಡಲೇ ಎಳೆ ಬಿಚ್ಚುತ್ತದೆ, ಅರ್ಧ ಇಂಚು ಒಳಗೆ ಮಡಚಿ ಹೊಲಿಯಿರಿ. ಈಗ ಪಾಲಿಯೆಸ್ಟರ್ ಜಾಸ್ತಿ. ಅಂಗಡಿಯವರು ಕಾಟನ್ ಅಂದರೂ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ: ನೂಲು ಸುಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಬಾಗಲಕೋಟೆಯಲ್ಲಿ ಬಾಡಿಗೆಗಾದರೆ ಎಲ್ಲಿಯಾದರೂ ಸರಿ. ಕೊಳ್ಳುವುದಾದರೆ ಹಳೇ ಊರಿನಲ್ಲಿ ಕಾಗದಪತ್ರ ಎರಡು ಸಲ ನೋಡಿ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇದೆ, ಮನೆ ಮುಳುಗಡೆ ಲೆಕ್ಕದಲ್ಲಿ ಬರುತ್ತದಾ ಅಂತ ತಿಳಿದುಕೊಂಡೇ ಮುಂದುವರಿಯಿರಿ. ಮುಳುಗಡೆಯವರಿಗೆಂದೇ ಕಟ್ಟಿದ ನವನಗರದಲ್ಲಿ ಆ ಚಿಂತೆ ಇಲ್ಲ, ರಸ್ತೆಗಳೂ ಅಗಲ.

ಇನ್ನೊಂದು, ಯಾವ ಊರಾದರೂ ಅಪಾರ್ಟ್‌ಮೆಂಟ್‌ಗಿಂತ ಮುಂದೆ ಕಟ್ಟೆ ಇರುವ ನೆಲಮನೆ ಹಿಡಿಯಿರಿ. ಕೌದಿ ಒಬ್ಬರೇ ಹೊಲಿದರೆ ತಿಂಗಳುಗಟ್ಟಲೆ ಎಳೆಯುತ್ತದೆ, ಕಟ್ಟೆ ಮೇಲೆ ಹರವಿಕೊಂಡು ಕೂತರೆ ಓಣಿಯ ಅಜ್ಜಿಯರು ಸುಮ್ನೆ ನೋಡುತ್ತ ನಿಲ್ಲುವುದಿಲ್ಲ, ತಾವೂ ಸೂಜಿ ಕೇಳುತ್ತಾರೆ, ನಿಮ್ಮ ಟಾಕು ದೂರ ದೂರ ಆಗಿದೆ ಅಂತ ಬಿಚ್ಚಿಸುತ್ತಾರೆ ಕೂಡ. ಓಣಿ ಓಣಿ ತಿರುಗಿ ಕೌದಿ ಹೊಲಿದುಕೊಡುವ ಗೊಂಧಳಿ ಸಮುದಾಯದ ಹೆಣ್ಣುಮಕ್ಕಳು ಬಂದರೆ ಕೂರುವುದೂ ಅಲ್ಲೇ. ಫ್ಲಾಟ್‌ನ ವಾಚ್‌ಮನ್ ಅವರನ್ನು ಗೇಟಿನೊಳಗೇ ಬಿಡುವುದಿಲ್ಲ. ಅವರ ಕೈಲಿ ಹೊಲಿಸುವುದಾದರೆ ಕೂಲಿ ಮೊದಲೇ ಮಾತಾಡಿ, ದಾರ ನೀವೇ ತಂದುಕೊಡಿ, ದಪ್ಪ ನೂಲಿನದ್ದು.