ಎಟಿಎಂ ಕಾರ್ಡ್ ನಕಲಾಗದಂತೆ ನೋಡಿಕೊಳ್ಳುವುದು ಹೇಗೆ?

ಕಾರ್ಡ್ ಪರ್ಸಿನಲ್ಲೇ ಇರುತ್ತದೆ, ಖಾತೆಯ ಹಣ ಮಾತ್ರ ಹೋಗಿರುತ್ತದೆ. ಇದೇ ಸ್ಕಿಮ್ಮಿಂಗ್, ಅಂದರೆ ಕಾರ್ಡಿನ ಮಾಹಿತಿ ಕದ್ದು ನಕಲು ಕಾರ್ಡ್ ಮಾಡುವುದು. ಕಳ್ಳರಿಗೆ ಬೇಕಾದದ್ದು ಎರಡು: ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಮತ್ತು ನಿಮ್ಮ ಪಿನ್. ಪಟ್ಟಿಯನ್ನು ಕಾರ್ಡ್ ಹಾಕುವ ಜಾಗಕ್ಕೆ ಅಂಟಿಸಿದ ಸಾಧನ ಓದಿಕೊಳ್ಳುತ್ತದೆ. ಪಿನ್ನನ್ನು ಪುಟ್ಟ ಕ್ಯಾಮೆರಾ ಅಥವಾ ಕೀಪ್ಯಾಡ್ ಮೇಲೆ ಕೂರಿಸಿದ ನಕಲಿ ಹಾಳೆ ಹಿಡಿದಿಡುತ್ತದೆ.

ಚಿಪ್ ಕಾರ್ಡಿಗೆ ಭಯವಿಲ್ಲ ಎಂದು ಸುಮ್ಮನಿರಬೇಡಿ. ಚಿಪ್ ನಕಲು ಮಾಡುವುದು ಬಲು ಕಷ್ಟ, ನಿಜ. ಆದರೆ ಕಪ್ಪು ಪಟ್ಟಿ ಅದೇ ಕಾರ್ಡಿನ ಹಿಂದೆ ಇನ್ನೂ ಇದೆ. ಅದರ ನಕಲು ಚಿಪ್ ಕೇಳದ ಹೊರದೇಶದ ಯಂತ್ರಗಳಲ್ಲಿ ನಡೆದುಬಿಡಬಹುದು.

ಆದ್ದರಿಂದ ಮೊದಲ ಕೆಲಸ ಮನೆಯಲ್ಲೇ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಆಫ್ ಮಾಡಿ. ಎಟಿಎಂನ ದಿನದ ಮಿತಿಯನ್ನು ನಿಮ್ಮ ಸಾಮಾನ್ಯ ಖರ್ಚಿಗೆ ತಕ್ಕಷ್ಟು ಇಳಿಸಿ. ತೋಟದ ಬಟವಾಡೆಗೆ ಹೆಚ್ಚು ಬೇಕಾದ ದಿನ ಏರಿಸಿ, ಹಣ ತೆಗೆದ ಕೂಡಲೇ ಮತ್ತೆ ಇಳಿಸಿ. ಕೊಡಗಿನಲ್ಲಿ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್‌ವರ್ಕ್ ಕೈಕೊಟ್ಟರೆ ಬ್ಯಾಂಕಿನ ಎಸ್‌ಎಂಎಸ್ ಮರುದಿನ ಬಂದರೂ ಬಂದೀತು. ಅಲ್ಲಿಯವರೆಗೆ ಹಣಕ್ಕೆ ಕಾವಲು ಈ ಮಿತಿಯೊಂದೇ.

ಎಟಿಎಂ ಒಳಗೆ ಹೋದಾಗ, ಸಂತೆ ದಿನ ಹಿಂದೆ ಕ್ಯೂ ಇದ್ದರೂ ಸರಿ, ಕಾರ್ಡ್ ಹಾಕುವ ಜಾಗವನ್ನು ಎರಡು ಬೆರಳಿನಿಂದ ಹಿಡಿದು ಅಲುಗಾಡಿಸಿ. ಕೆಲವು ಬ್ಯಾಂಕುಗಳೇ ಅಲ್ಲಿ ಹಸಿರು ಪ್ಲಾಸ್ಟಿಕ್ಕಿನ ಉಬ್ಬು ಕೂರಿಸಿರುತ್ತವೆ. ಅದು ಸ್ಕಿಮ್ಮಿಂಗ್ ತಡೆಯಲೆಂದೇ ಇರುವುದು, ಅಲುಗಾಡದು. ಸಡಿಲವಾಗಿದ್ದರೆ, ಅಂಚಿನಲ್ಲಿ ಅಂಟು ಕಂಡರೆ ಕಾರ್ಡ್ ಹಾಕದೆ ಹೊರಬನ್ನಿ. ಕೀಪ್ಯಾಡ್ ಎತ್ತರವಾಗಿ, ಒತ್ತಿದರೆ ಮೆತ್ತಗೆ ಅನಿಸಿದರೂ ಅಷ್ಟೇ. ಕೀಪ್ಯಾಡ್ ಮೇಲ್ಭಾಗದ ಪಟ್ಟಿಯಲ್ಲಿ, ಪಕ್ಕದ ಕರಪತ್ರದ ಡಬ್ಬಿಯಲ್ಲಿ ಸೂಜಿಮೊನೆಯಷ್ಟು ತೂತು ಇದೆಯೇ ನೋಡಿ.

ಯಂತ್ರದ ಒಳಗೇ ಇಳಿಸುವ ತೆಳು ಸಾಧನಗಳು ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಎಲ್ಲ ಸರಿ ಕಂಡರೂ ಪಿನ್ ಒತ್ತುವಾಗ ಇನ್ನೊಂದು ಅಂಗೈಯನ್ನು ಬೆರಳುಗಳಿಗೆ ತಾಗುವಷ್ಟು ಹತ್ತಿರ ಸೂರಿನಂತೆ ಹಿಡಿಯಿರಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ಇದ್ದರೆ ಇದು ಆಗದು. ಮೊದಲು ಎರಡನ್ನೂ ಕೆಳಗಿಡಿ.

ಬಂಕ್, ಹೋಟೆಲ್, ಹೋಂಸ್ಟೇಗಳಲ್ಲಿ ಸ್ವೈಪಿಂಗ್ ಮೆಷಿನ್‌ಗೆ ಸಿಗ್ನಲ್ ಸಿಗದೆ ಕಾರ್ಡನ್ನು ಅಂಗಳಕ್ಕೋ ಒಳಗಿನ ಕೋಣೆಗೋ ಒಯ್ಯುವುದುಂಟು. ಕಾರ್ಡ್ ಕೊಟ್ಟು ಕಳಿಸಬೇಡಿ, ನೀವೂ ಜೊತೆಗೆ ಹೋಗಿ. ಪಿನ್ ನೀವೇ ಒತ್ತಿ, ಬಾಯಿಬಿಟ್ಟು ಹೇಳಬೇಡಿ.

ನಿಮ್ಮದಲ್ಲದ ವ್ಯವಹಾರದ ಎಸ್‌ಎಂಎಸ್ ಬಂದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿ, ನಂತರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಸ್ಕಿಮ್ಮಿಂಗ್‌ನಂತೆ ತಪ್ಪು ಗ್ರಾಹಕರದೂ ಅಲ್ಲದ, ಬ್ಯಾಂಕಿನದೂ ಅಲ್ಲದ ವಂಚನೆಯಲ್ಲಿ ಬ್ಯಾಂಕಿನ ಸಂದೇಶ ತಲುಪಿದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಪ್ರತಿ ವ್ಯವಹಾರಕ್ಕೆ ಗರಿಷ್ಠ 10,000 ರೂಪಾಯಿ ನಿಮ್ಮ ತಲೆಗೆ ಬರಬಹುದು. ತಪ್ಪು ನಿಮ್ಮದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಬ್ಲಾಕ್ ಆದ ಕಾರ್ಡನ್ನು ಕತ್ತರಿಸಿ ಎಸೆಯಬೇಡಿ. ವಂಚನೆ ನಡೆದಾಗ ಅದು ನಿಮ್ಮ ಬಳಿಯೇ ಇತ್ತು ಎಂದು ತೋರಿಸಲು ಬೇಕಾಗುತ್ತದೆ.