ಮೀನಖಂಡ, ಟೇಪು, ಬಳೆ

ಮುಂಬೈಯ ಒಂದು ಆಸ್ಪತ್ರೆಯ ಕೀಮೋ ವಾರ್ಡಿನಲ್ಲಿ ನಾನು ನರ್ಸ್. ವಿಜಯಪುರ, ಕಲಬುರಗಿ ಕಡೆಯವರು ರಾತ್ರಿ ರೈಲಿಗೆ ಹತ್ತಿ ಬೆಳಿಗ್ಗೆ ದಾದರಿನಲ್ಲಿ ಇಳಿದು, ಚೀಲ ಹೊತ್ತುಕೊಂಡು ಸೀದಾ ವಾರ್ಡಿಗೇ ಬರುತ್ತಾರೆ. ಕನ್ನಡದವಳು ಅಂತ ನನ್ನ ಹತ್ತಿರ ಕಳಿಸುತ್ತಾರೆ.

ಹಾಗೆ ಬಂದವರಲ್ಲಿ ಒಬ್ಬರು ರೈತರು, ಜಠರದ ಕ್ಯಾನ್ಸರ್. ಎಡಗಾಲು ಬಾತಿತ್ತು. "ರಾತ್ರಿಪೂರ್ತಿ ಕುಂತ ಬಂದೀವ್ರಿ, ಅದಕ್ಕ ಬಾತೈತಿ" ಅಂದರು. ಇರಬಹುದು ಅಂದುಕೊಂಡು ನಾನು ಡ್ರಿಪ್ ಹಚ್ಚಿದೆ, ಡಾಕ್ಟರಿಗೆ ಹೇಳಲಿಲ್ಲ. ಮೂರನೇ ದಿನ ಉಸಿರಾಡಲು ಆಗದೆ ಎಮರ್ಜೆನ್ಸಿಗೆ ಬಂದರು. ಕಾಲಿನಲ್ಲಿ ಕಟ್ಟಿದ್ದ ರಕ್ತದ ಹೆಪ್ಪು ಕಿತ್ತು ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಕೂತಿತ್ತು. ಬದುಕಿಕೊಂಡರು. ಆದರೆ ಕೂತು ಬಂದ ಬಾವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ. ಅವರಿಗೆ ಬಂದದ್ದು ಒಂದೇ ಕಾಲಿಗೆ. ನಾನು ನೋಡಬೇಕಿದ್ದದ್ದು ಅಷ್ಟೇ.

ಆ ವಾರವೇ ಹಿಂದಮಾತಾ ಬಟ್ಟೆ ಪೇಟೆಯಲ್ಲಿ ದರ್ಜಿ ಟೇಪು ಕೊಂಡೆ. ಮೊಣಕಾಲ ಚಿಪ್ಪಿನ ಕೆಳಗೆ ಬೆರಳಿಗೆ ಸಿಗುವ ಎಲುಬಿನ ಉಬ್ಬಿದೆಯಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಲ್ಲಿ ಗುರುತು ಮಾಡಿ ಎರಡೂ ಮೀನಖಂಡಗಳ ಸುತ್ತಳತೆ ತೆಗೆಯುತ್ತೇನೆ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡ್ರಿಪ್ ಹಚ್ಚುವ ಮೊದಲೇ ಡಾಕ್ಟರಿಗೆ ಫೋನು, ಡಾಪ್ಲರ್‌ಗೆ, ಅಂದರೆ ರಕ್ತನಾಳದ ಸ್ಕ್ಯಾನಿಗೆ, ಚೀಟಿ. ಅಳತೆ ಸಮ ಬಂದರೂ ಒಂದೇ ಕಾಲು ನೋಯುತ್ತದೆ, ಬಿಸಿ ಇದೆ ಅಂದರೆ ಆಗಲೂ ಹೇಳುತ್ತೇನೆ.

ಕ್ಯಾನ್ಸರ್ ಗಡ್ಡೆಯೇ ರಕ್ತ ಹೆಪ್ಪುಗಟ್ಟಿಸುವ ಪದಾರ್ಥ ಬಿಡುತ್ತದೆ. ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಿ ರಕ್ತನಾಳದ ಒಳಪದರಕ್ಕೆ ಪೆಟ್ಟು ಕೊಡುತ್ತದೆ. ಸುಸ್ತಿಗೆ ರೋಗಿ ಮಲಗಿಯೇ ಇರುತ್ತಾರೆ. ಕೀಮೋ ರೋಗಿಗಳಲ್ಲಿ ಯಾರಿಗೆ ಹೆಪ್ಪಿನ ಅಪಾಯ ಹೆಚ್ಚು ಅಂತ ಅಂಕ ಹಾಕಿ ಅಂದಾಜಿಸುವ, 2008ರಲ್ಲಿ ಬಂದ ಖೊರಾನಾ ಸ್ಕೋರ್‌ನಲ್ಲಿ ಜಠರ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೇ 2 ಅಂಕ. ಕೀಮೋಗೆ ಮುಂಚೆ ಪ್ಲೇಟ್‌ಲೆಟ್ 3,50,000 ಮುಟ್ಟಿದ್ದರೆ ಇನ್ನೊಂದು, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ ಮತ್ತೊಂದು. ಅಂಕ 2 ಮುಟ್ಟಿತೆಂದು ಎಲ್ಲರಿಗೂ ರಕ್ತ ತೆಳುವಾಗಿಸುವ ಮಾತ್ರೆ ಕೊಡುವಂತಿಲ್ಲ. ಜಠರದ ಗಡ್ಡೆಯಿಂದ ರಕ್ತ ಸುರಿಯಬಹುದು, ಅದನ್ನು ಡಾಕ್ಟರು ತೂಗಿ ನೋಡಬೇಕು. ನನ್ನ ಕೆಲಸ ರಿಪೋರ್ಟಿನ ಆ ಸಂಖ್ಯೆಗಳಿಗೆ ಗೆರೆ ಎಳೆದು ಅವರ ಮುಂದೆ ಇಡುವುದು.

ಹೆಪ್ಪು ಸಿಕ್ಕವರಲ್ಲಿ ಹಲವರಿಗೆ ರಕ್ತ ತೆಳುವಾಗಿಸುವ ಎನೊಕ್ಸಪರಿನ್ ಇಂಜೆಕ್ಷನ್. ಧರ್ಮಶಾಲೆಯಲ್ಲಿ ಉಳಿಯುವವರಿಗೆ ಮನೆಯವರೇ ಚುಚ್ಚಬೇಕು. ಹೊಕ್ಕಳಿಂದ ಎರಡು ಇಂಚು ಬಿಟ್ಟು ಹೊಟ್ಟೆಯ ಚರ್ಮ ಚಿವುಟಿ ಹಿಡಿಯಿರಿ, ಸೂಜಿ ನೇರ ಇಳಿಸಿ, ಚುಚ್ಚಿದ ಮೇಲೆ ಉಜ್ಜಬೇಡಿ, ನೀಲಿಗಟ್ಟುತ್ತದೆ ಅಂತ ಮಾಡಿ ತೋರಿಸುತ್ತೇನೆ. ಮರುದಿನ ಅವರೇ ನನ್ನ ಮುಂದೆ ಚುಚ್ಚಬೇಕು, ಆಮೇಲೆಯೇ ಕಳಿಸುವುದು.

ಪಿಕ್ ಲೈನ್, ಅಂದರೆ ಕೀಮೋ ಕೊಡಲು ತೋಳಿನ ರಕ್ತನಾಳದೊಳಗೆ ಇಳಿಸುವ ಉದ್ದನೆಯ ತೆಳು ನಳಿಕೆ, ಹಾಕಿದ ಕೈಯಲ್ಲೂ ಹೆಪ್ಪಾಗುತ್ತದೆ. "ಕೈ ಬಾತಿದೆಯಾ" ಅಂದರೆ ಹೆಣ್ಣುಮಕ್ಕಳು ಇಲ್ಲ ಅನ್ನುತ್ತಾರೆ, ಕೀಮೋ ನಿಂತೀತೆಂಬ ಭಯ. ಅದಕ್ಕೆ "ಬಳಿ ಬಿಗಿ ಆಗ್ಯಾವೇನವ್ವಾ?" ಅಂತ ಕೇಳುತ್ತೇನೆ. ಹೋದ ತಿಂಗಳು ಒಬ್ಬ ತಾಯಿ ಏನೂ ಹೇಳದೆ ಎರಡೂ ಕೈ ಮುಂದೆ ಹಿಡಿದರು. ಎಡಗೈಯ ಹಸಿರು ಬಳೆಗಳು ಸಡಿಲವಾಗಿ ಜಾರುತ್ತಿದ್ದವು, ಲೈನ್ ಇದ್ದ ಬಲಗೈಯವು ಚರ್ಮಕ್ಕೆ ಕಚ್ಚಿ ಕೂತಿದ್ದವು. ಸೋಪಿನ ನೊರೆ ಹಚ್ಚಿ ಒಂದೊಂದಾಗಿ ತೆಗೆದೆ. ಮಧ್ಯಾಹ್ನದೊಳಗೆ ಡಾಪ್ಲರ್ ಆಯಿತು, ಸಂಜೆಗೆ ಮೊದಲ ಇಂಜೆಕ್ಷನ್. ಲೈನ್ ಸರಿಯಾಗಿಯೇ ನಡೆಯುತ್ತಿದ್ದುದರಿಂದ ಡಾಕ್ಟರು ತೆಗೆಸಲಿಲ್ಲ.