ನಾಲ್ಕು ಚಾನೆಲ್ ಆಂಪ್ಲಿಫೈಯರ್: ಗುಂಯ್ ಅನ್ನದ ಹಾಗೆ ಕಟ್ಟುವುದು ಹೇಗೆ?

ಸ್ಪೀಕರ್ ಹಿಂದೆ ಎರಡು ಜೊತೆ ಟರ್ಮಿನಲ್ ಇದ್ದರೆ ವೂಫರ್‌ಗೊಂದು (ಬೇಸ್ ನುಡಿಸುವ ಭಾಗ), ಟ್ವೀಟರ್‌ಗೊಂದು (ಟ್ರೆಬಲ್ ನುಡಿಸುವ ಭಾಗ) ಆಂಪ್ಲಿಫೈಯರ್ ಕೊಡಬಹುದು. ಇದೇ ಬೈ-ಆಂಪಿಂಗ್. ಎರಡು ಸ್ಪೀಕರ್‌ಗೆ ನಾಲ್ಕು ಚಾನೆಲ್ ಬೇಕು. ಮನೆಯಲ್ಲೇ ಕಟ್ಟಿದ ಇಂಥ ಡಬ್ಬಗಳನ್ನು ಸಾಕಷ್ಟು ನೋಡಿದ್ದೇನೆ. ಒಳ್ಳೆಯ ಬೋರ್ಡು, ದೊಡ್ಡ ಟ್ರಾನ್ಸ್‌ಫಾರ್ಮರ್ ಎಲ್ಲ ಇರುತ್ತದೆ. ಆನ್ ಮಾಡಿದರೆ ಗುಂಯ್ ಎನ್ನುತ್ತದೆ. ಬಹುಪಾಲು ಸಲ ತಪ್ಪು ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟ್) ವೈರಿಂಗ್‌ನಲ್ಲೇ ಇರುತ್ತದೆ.

ಹಂತ 1: ಬೋರ್ಡು. ಚಾನೆಲ್‌ಗೊಂದರಂತೆ ನಾಲ್ಕು ಬೋರ್ಡು; ನಾಲ್ಕಕ್ಕೂ ಎಲ್‌ಎಂ3886 ಎಂಬ ಆಂಪ್ಲಿಫೈಯರ್ ಚಿಪ್ಪನ್ನೇ ಹಾಕಿ. ಟ್ವೀಟರ್‌ಗೆ ಬೇರೆ ಸಣ್ಣ ಚಿಪ್ಪು ಸಾಕು ಅನ್ನುವವರ ಮಾತು ಕೇಳಬೇಡಿ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು) ಬೇರೆಯಾದರೆ ಬೇಸ್ ಮತ್ತು ಟ್ರೆಬಲ್ ಹೊಂದುವುದಿಲ್ಲ. 22 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಗೇನ್ 23 ಆಗುತ್ತದೆ. ಬೆಲೆ (ಓಮ್) ಶೇ 1ಕ್ಕಿಂತ ಹೆಚ್ಚು ವ್ಯತ್ಯಾಸವಾಗದ ರೆಸಿಸ್ಟರ್‌ಗಳನ್ನೇ ತನ್ನಿ. ತೀರಾ ಅಗ್ಗಕ್ಕೆ ಸಿಗುವ ಚಿಪ್ಪುಗಳಲ್ಲಿ ನಕಲಿ ಜಾಸ್ತಿ, ಅವು ಬೇಡ.

ಹಂತ 2: ಪವರ್. 4 ಓಮ್ ಸ್ಪೀಕರ್‌ಗೆ 18-0-18, 8 ಓಮ್‌ಗೆ 24-0-24 ವೋಲ್ಟ್ ಟ್ರಾನ್ಸ್‌ಫಾರ್ಮರ್, 300 ವಿಎ. ಪ್ಲಸ್, ಮೈನಸ್ ಎರಡಕ್ಕೂ 10,000 ಮೈಕ್ರೋಫ್ಯಾರಡ್, 50 ವೋಲ್ಟ್ ಕೆಪಾಸಿಟರ್. ಮೇನ್ಸ್ (ಗೋಡೆಯ ಕರೆಂಟ್) ಬದಿಗೆ ಫ್ಯೂಸ್ ಇರಲೇಬೇಕು.

ಹಂತ 3: ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೊರಹಾಕುವ ಲೋಹ). ಲೋಹದ ಬೆನ್ನಿನ ಚಿಪ್ಪಾದರೆ ಆ ಬೆನ್ನಿಗೆ ಮೈನಸ್ ವೋಲ್ಟೇಜ್ ಬಂದಿರುತ್ತದೆ. ಚಿಪ್ಪು ಮತ್ತು ಹೀಟ್‌ಸಿಂಕ್ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ, ಮಲ್ಟಿಮೀಟರ್‌ನಲ್ಲಿ ಶಾರ್ಟ್ ಇಲ್ಲವೆಂದು ನೋಡಿಕೊಳ್ಳಿ.

ಹಂತ 4: ಗ್ರೌಂಡ್. ಇಲ್ಲಿ ಅವಸರ ಬೇಡ. ಎರಡು ದೊಡ್ಡ ಕೆಪಾಸಿಟರ್‌ಗಳನ್ನು ಕೂಡಿಸುವ ತಂತಿಯಲ್ಲಿ ಕರೆಂಟ್ ಒಂದೇ ಸಮ ಹರಿಯುವುದಿಲ್ಲ. 50 ಹರ್ಟ್ಸ್ ಮೇನ್ಸ್ ಆದರೆ ಸೆಕೆಂಡಿಗೆ 100 ಸಲ ನುಗ್ಗುತ್ತದೆ. ತಂತಿ ಎಷ್ಟೇ ದಪ್ಪವಿದ್ದರೂ ಚೂರು ರೆಸಿಸ್ಟೆನ್ಸ್ ಇದ್ದೇ ಇರುತ್ತದೆ, ಅಲ್ವಾ? ಹಾಗಾಗಿ ಅದರ ಉದ್ದಕ್ಕೂ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇನ್‌ಪುಟ್ ಗ್ರೌಂಡನ್ನು ಇದೇ ತಂತಿಗೆ ಸೇರಿಸಿದರೆ ಆ ವೋಲ್ಟೇಜ್ 23 ಪಟ್ಟಾಗಿ ಸ್ಪೀಕರ್ ತಲುಪುತ್ತದೆ.

ಅದಕ್ಕೇ ಕೆಪಾಸಿಟರ್‌ಗಳ ನಡುಬಿಂದುವಿನಿಂದ ಒಂದು ಗಿಡ್ಡ, ದಪ್ಪ ತಂತಿ ಎಳೆದು, ಅದರ ತುದಿಯಲ್ಲಿ ಒಂದು ಬೋಲ್ಟ್ ಇಡಿ. ಅದೇ ಸ್ಟಾರ್ ಪಾಯಿಂಟ್. ನಾಲ್ಕು ಬೋರ್ಡಿನ ಪವರ್ ಗ್ರೌಂಡ್, ನಾಲ್ಕು ಸ್ಪೀಕರ್ ಮೈನಸ್ ತಂತಿ ಒಂದೊಂದಾಗಿ, ಬೇರೆ ಬೇರೆಯಾಗಿ ಅಲ್ಲಿಗೇ ಬರಬೇಕು. ತಂತಿ ಉಳಿಸಲು ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಗ್ರೌಂಡ್ ಎಳೆಯುವುದು ಬೇಡವೇ ಬೇಡ.

ಇನ್‌ಪುಟ್ ಗ್ರೌಂಡ್ ಮಾತ್ರ ಸ್ಟಾರ್‌ಗೆ ನೇರವಾಗಿ ಹೋಗಬಾರದು. ಅದು ತನ್ನ ಬೋರ್ಡಿಗೆ ಹೋಗಿ, ಅಲ್ಲಿ 10 ಓಮ್ ರೆಸಿಸ್ಟರ್ ಮೂಲಕ ಪವರ್ ಗ್ರೌಂಡ್ ಸೇರಲಿ. ಬೈ-ಆಂಪಿಂಗ್‌ನಲ್ಲಿ ಇದು ತುಂಬ ಮುಖ್ಯ. ಎಡಗಡೆಯ ಒಂದೇ ಸಾಕೆಟ್‌ನಿಂದ ಎರಡು ಬೋರ್ಡಿಗೆ ಸಿಗ್ನಲ್ ಹೋಗುವಾಗ ಅವುಗಳ ಗ್ರೌಂಡ್ ಸೇರಿ ಒಂದು ಸುತ್ತು ಆಗಿಬಿಡುತ್ತದೆ. ಆ ಸುತ್ತಿನಲ್ಲಿ ಹರಿಯುವ ಕರೆಂಟನ್ನು ಈ 10 ಓಮ್ ತಗ್ಗಿಸುತ್ತದೆ. ಎರಡೂ ಸಿಗ್ನಲ್ ಕೇಬಲ್‌ಗಳನ್ನು ಒಟ್ಟಿಗೆ ಕಟ್ಟಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರ ಒಯ್ಯಿರಿ. ಸಾಕೆಟ್‌ಗಳು ಡಬ್ಬದ ಲೋಹಕ್ಕೆ ತಾಗಬಾರದು.

ಮೇನ್ಸ್ ಅರ್ಥ್ ತಂತಿಗೆ ಡಬ್ಬದ ಮೇಲೆ ಅದರದೇ ಬೋಲ್ಟ್ ಇರಲಿ. ಸ್ಟಾರ್‌ನಿಂದ ಡಬ್ಬಕ್ಕೆ ಒಂದೇ ಒಂದು ತಂತಿ. ಗುಂಯ್ ನಿಲ್ಲಿಸಲು ಅರ್ಥ್ ಕತ್ತರಿಸುವ ಉಪಾಯ ಹೇಳುವವರಿದ್ದಾರೆ. ಅದು ಜೀವಕ್ಕೇ ಅಪಾಯ, ಖಂಡಿತ ಮಾಡಬೇಡಿ.

ಹಂತ 5: ಪರೀಕ್ಷೆ. ಮೊದಲ ಸಲ ಮೇನ್ಸ್‌ಗೆ ಸರಣಿಯಲ್ಲಿ 60 ವ್ಯಾಟ್‌ನ, ಒಳಗಿನ ತಂತಿ ಕಾದು ಬೆಳಗುವ ಹಳೇ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ಆಫ್ ಆದಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಸುಮ್ನೆ ಕೈ ಹಾಕಬೇಡಿ. ಸ್ಪೀಕರ್ ಜೋಡಿಸುವ ಮೊದಲು ನಾಲ್ಕೂ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ದಾಟಿದ ಬೋರ್ಡನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ಹಂತ 6: ಜೋಡಣೆ. ಸ್ಪೀಕರ್ ಹಿಂದಿನ ಎರಡು ಜೊತೆ ಟರ್ಮಿನಲ್‌ಗಳನ್ನು ಕೂಡಿಸುವ ಲೋಹದ ಪಟ್ಟಿಗಳನ್ನು ತೆಗೆಯಿರಿ. ತೆಗೆಯದಿದ್ದರೆ ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್ ಒಂದಕ್ಕೊಂದು ಶಾರ್ಟ್ ಆಗಿ ಚಿಪ್ಪು ಸುಡಬಹುದು. ಮೊದಲು ಬೇಸ್ ತಂತಿಗಳನ್ನಷ್ಟೇ ಹಾಕಿ, ಸಣ್ಣ ವಾಲ್ಯೂಮ್‌ನಲ್ಲಿ ಹಾಡು ಹಚ್ಚಿ. ಟ್ವೀಟರ್‌ನಿಂದ ಸದ್ದು ಬಂದರೆ ಪಟ್ಟಿ ಇನ್ನೂ ಅಲ್ಲೇ ಇದೆ.